ಬಾರ್ಸಿಲೋನಾದ ಗಾಥಿಕ್ ಕ್ವಾರ್ಟರ್: ಅಸಲಿಯೋ, ನಕಲಿಯೋ?

ಪ್ರಶ್ನೆ: ಬಾರ್ಸಿಲೋನಾಗೆ ಹೊರಟಿದ್ದೇವೆ. ಅಲ್ಲಿನ ಗಾಥಿಕ್ ಕ್ವಾರ್ಟರ್ (ಮಧ್ಯಯುಗದ್ದು ಅನ್ನುವ ಹಳೇ ಬಡಾವಣೆ) ಟೂರಿಸ್ಟ್‌ಗಳಿಗೆ ಅಂತ ಹಾಕಿದ ಸೆಟ್, ಹೋಗಿ ಪ್ರಯೋಜನವಿಲ್ಲ ಅಂತ ಗೆಳೆಯರೊಬ್ಬರು ಹೇಳಿದರು. ನಿಜವಾ?

ಅರ್ಧ ನಿಜ. ಆದರೂ ಹೋಗಿ.

ಗಲ್ಲಿಯ ಮೇಲೆ ಎರಡು ಕಟ್ಟಡಗಳ ನಡುವೆ ಕೆತ್ತನೆಯ ಸೇತುವೆಯೊಂದಿದೆ. ಎಲ್ಲರೂ ಫೋಟೊ ತೆಗೆಯುವುದು ಅಲ್ಲೇ. ಅದನ್ನು ಕಟ್ಟಿದ್ದು 1928ರಲ್ಲಿ! ಅಲ್ಲಿನ ದೊಡ್ಡ ಚರ್ಚು, ಅಂದರೆ ಕೆಥೆಡ್ರಲ್ ಕೆಲಸ 1298ರಲ್ಲೇ ಶುರುವಾಯಿತು, ಆದರೆ ಮುಂಭಾಗಕ್ಕೆ ಕೈ ಹಾಕಿದ್ದು 1880ರ ದಶಕದಲ್ಲಿ, ನಡುವಿನ ಗೋಪುರ ಮುಗಿದಿದ್ದು 1913ರಲ್ಲಿ. ಹಾಗಂತ ಎಲ್ಲವೂ ಬೊಗಳೆ ಅಲ್ಲ. 1908ರಿಂದ ವಿಯಾ ಲಾಯೆತಾನಾ ಅನ್ನುವ ದೊಡ್ಡ ರಸ್ತೆಗಾಗಿ ಹಳೇ ಮನೆಗಳನ್ನು ಸಾಲಾಗಿ ಕೆಡವಿದರು, ಅದರಲ್ಲಿ ಕಾಸಾ ಪಡೆಲ್ಯಾಸ್ ಎಂಬ ಒಂದು ಹಳೇ ಬಂಗಲೆಯನ್ನು ಮಾತ್ರ ಕಲ್ಲು ಕಲ್ಲೇ ಬಿಚ್ಚಿ ತಂದು 1931ರಲ್ಲಿ ಪ್ಲಾಸಾ ಡೆಲ್ ರೇ ಚೌಕದಲ್ಲಿ ಮತ್ತೆ ಜೋಡಿಸಲು ಹೊರಟರು. ಪಾಯ ತೋಡಿದರೆ ಕೆಳಗೆ ರೋಮನ್ನರ ಊರೇ ಸಿಕ್ಕಿತು! ಈಗ ಆ ಮನೆಯೇ ನಗರದ ಇತಿಹಾಸ ಮ್ಯೂಸಿಯಂ. ಲಿಫ್ಟ್‌ನಲ್ಲಿ ಇಳಿದರೆ ಬಟ್ಟೆಗೆ ಬಣ್ಣ ಹಾಕುತ್ತಿದ್ದ ತೊಟ್ಟಿ, ಮೀನಿನ ಸಾಸ್ ಮಾಡುತ್ತಿದ್ದ ಜಾಗ, ವೈನ್ ತಯಾರಿಸುತ್ತಿದ್ದ ಕೋಣೆ ಎಲ್ಲ ನೋಡಬಹುದು. ನನ್ನನ್ನು ಕೇಳಿದರೆ ಕೆಥೆಡ್ರಲ್ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಕೆಥೆಡ್ರಲ್ ಹಿಂದಿನ ಪರಡೀಸ್ ಗಲ್ಲಿಯಲ್ಲಿ ನೆಲಕ್ಕೆ ಒಂದು ಬೀಸುಕಲ್ಲು ಹುಗಿದಿದ್ದಾರೆ. ರೋಮನ್ ಊರಿನ ಅತಿ ಎತ್ತರದ ಜಾಗ ಅದೇ, ಸಮುದ್ರಮಟ್ಟದಿಂದ 16.9 ಮೀಟರ್. ಪಕ್ಕದ ಬಾಗಿಲು ದಾಟಿ ಒಳಗೆ ಹೋದರೆ ರೋಮನ್ ಚಕ್ರವರ್ತಿ ಅಗಸ್ಟಸ್‌ನ ದೇವಾಲಯದ ನಾಲ್ಕು ಕಂಬಗಳು ಇನ್ನೂ ನಿಂತಿವೆ. ಇವು ಅಪ್ಪಟ ಅಸಲಿ. ಬಾಗಿಲು ಸಾಧಾರಣವಾಗಿರುವುದರಿಂದ ಜಾಸ್ತಿ ಜನ ಸುಮ್ನೆ ಮುಂದೆ ಹೋಗಿಬಿಡುತ್ತಾರೆ.

ಸಂತ್ ಫೆಲಿಪ್ ನೆರಿ ಚೌಕದಲ್ಲಿ ಅಸಲಿ ನಕಲಿ ಎರಡೂ ಒಂದೇ ಕಡೆ ಸಿಗುತ್ತವೆ. ಚರ್ಚಿನ ಗೋಡೆಯ ತುಂಬಾ ಗುಳಿ. 1938ರ ಜನವರಿ 30ರಂದು ಸ್ಪೇನಿನ ಅಂತರ್ಯುದ್ಧದ ಸಮಯದಲ್ಲಿ ಬಿದ್ದ ಬಾಂಬಿನ ಗುರುತು ಅದು. 42 ಜನ ಸತ್ತರು, ಹೆಚ್ಚಿನವರು ಮಕ್ಕಳು. ಸುತ್ತಲಿನ ಮನೆಗಳು ಆಮೇಲೆ ಬಂದವು, ಕೆಲವಕ್ಕೆ ಬೇರೆ ಬೀದಿಯಿಂದ ಕಿತ್ತು ತಂದ ಹಳೇ ಮುಂಭಾಗ ಅಂಟಿಸಿದ್ದಾರೆ.

ಮೆಟ್ರೋದಲ್ಲಿ ಜೌಮೆ ಪ್ರಿಮೇರ್ ಸ್ಟೇಷನ್‌ನಲ್ಲಿ ಇಳಿಯಿರಿ, ಬೆಳಿಗ್ಗೆ ಬೇಗ ಹೋಗಿ, ಜೇಬುಗಳ್ಳರ ಬಗ್ಗೆ ಹುಷಾರು. ಸೋಮವಾರ ಮಾತ್ರ ಬೇಡ, ಅವತ್ತು ಮ್ಯೂಸಿಯಂಗೆ ರಜೆ.