‘ಪಿಂಗ್ ಮಾಡಿ’ ಅನ್ನುವ ಮಾತು ಬಂದದ್ದು ಎಲ್ಲಿಂದ?

ಬೆಂಗಳೂರಿನ ಆಫೀಸುಗಳಲ್ಲಿ ‘ಊಟ ಆದ್ಮೇಲೆ ಪಿಂಗ್ ಮಾಡಿ’ ಅಂದರೆ ಮೆಸೇಜ್ ಹಾಕಿ ಎಂದಷ್ಟೇ ಅರ್ಥ. ಪದ ಹುಟ್ಟಿದ್ದು ಸದ್ದಿನಿಂದ. ನಮ್ಮ ‘ಠಣ್’, ‘ಚಟಚಟ’ಗಳಂತೆ ಇದೂ ಅನುಕರಣ ಪದವೇ. 19ನೇ ಶತಮಾನದ ಇಂಗ್ಲಿಷಿನಲ್ಲಿ ಬಂದೂಕಿನ ಗುಂಡಿನ ಸದ್ದಿಗೆ ಹೀಗೆನ್ನುತ್ತಿದ್ದರು.

ಅರ್ಥ ತಿರುವು ಪಡೆದದ್ದು ಸಮುದ್ರದಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ, ನೀರಿನಡಿ ಇರುವುದನ್ನು ಮರುದನಿಯಿಂದ ಪತ್ತೆಹಚ್ಚುವ ಸೋನಾರ್ ಉಪಕರಣ ನೀರಿಗೆ ಬಿಡುವ ಚುಟುಕು ಸದ್ದು ‘ಪಿಂಗ್’ ಆಯಿತು. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ಮರುದನಿ 2 ಸೆಕೆಂಡಿಗೆ ಬಂದರೆ ಜಲಾಂತರ್ಗಾಮಿ ಇರುವುದು 1,500 ಮೀಟರ್ ದೂರದಲ್ಲಿ. ಉಳಿದರ್ಧ ಹೊತ್ತು ವಾಪಸಾಗುವುದಕ್ಕೆ.

1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ನೆಟ್‌ವರ್ಕ್ ತೊಂದರೆ ಹುಡುಕಲು, ಇನ್ನೊಂದು ಕಂಪ್ಯೂಟರಿಗೆ ಚುಟುಕು ಸಂದೇಶ ಕಳಿಸಿ ಉತ್ತರಕ್ಕೆ ಕಾಯುವ ಪುಟ್ಟ ಪ್ರೋಗ್ರಾಂ ಬರೆದು, ಸೋನಾರ್ ನೆನೆದೇ ಈ ಹೆಸರಿಟ್ಟರು. ‘ಪ್ಯಾಕೆಟ್ ಇಂಟರ್‌ನೆಟ್ ಗ್ರೋಪರ್’ ಎಂಬ ವಿಸ್ತೃತ ರೂಪ ಆಮೇಲೆ ಬೇರೆಯವರು ಹೊಸೆದದ್ದು. ಇಂಟರ್‌ವ್ಯೂನಲ್ಲಿ ಅದನ್ನು ಮೂಲವೆಂದು ಒಪ್ಪಿಸುವವರು ಇನ್ನೂ ಇದ್ದಾರೆ!

ಇಲ್ಲಿಯೂ ಎಣಿಸುವುದು ಹೋಗಿ ಬರುವ ಹೊತ್ತನ್ನೇ, ಮಿಲಿಸೆಕೆಂಡಿನಲ್ಲಿ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹಾಗಾಗಿ 1,000 ಕಿ.ಮೀ. ದೂರದ ಸರ್ವರ್ 10 ಮಿಲಿಸೆಕೆಂಡಿಗಿಂತ ಬೇಗ ಉತ್ತರಿಸಲಾರದು, ಎಷ್ಟು ದುಬಾರಿ ಪ್ಲಾನ್ ಹಾಕಿಸಿದರೂ.

ಇಂಟರ್‌ನೆಟ್ ಕೈಕೊಟ್ಟಾಗ ಕಮಾಂಡ್ ವಿಂಡೋದಲ್ಲಿ ‘ping’ ಎಂದು ಬರೆದು, ಮುಂದೆ ವಿಳಾಸ ಕೊಡುತ್ತಾ ಹತ್ತಿರದಿಂದ ದೂರಕ್ಕೆ ಹೋಗಿ. ಮೊದಲು 127.0.0.1, ಅಂದರೆ ನಿಮ್ಮದೇ ಯಂತ್ರ. ಆಮೇಲೆ ರೂಟರಿನ ವಿಳಾಸ. ಅದು ಉತ್ತರಿಸದಿದ್ದರೆ ಮೊದಲು ವೈಫೈ, ಕೇಬಲ್ ನೋಡಿ. ನಂತರ 8.8.8.8, ಅಂದರೆ ಹೊರಗಿರುವ ಗೂಗಲ್‌ನ ಸರ್ವರ್. ಅದು ಉತ್ತರಿಸಿಯೂ ವೆಬ್‌ಸೈಟಿನ ಹೆಸರು ಸಿಗದಿದ್ದರೆ ಲೈನ್ ಸರಿಯಿದೆ, ಕೆಟ್ಟಿರುವುದು ಹೆಸರನ್ನು ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್. ವಿಂಡೋಸ್ ನಾಲ್ಕು ಸಲ ಕೇಳಿ ಸುಮ್ಮನಾಗುತ್ತದೆ. ಬಿಟ್ಟು ಬಿಟ್ಟು ಬರುವ ತೊಂದರೆಗೆ ಅದು ಸಾಲದು, ‘-ಟಿ’ ಸೇರಿಸಿ ಓಡಲು ಬಿಡಿ.

‘ರಿಕ್ವೆಸ್ಟ್ ಟೈಮ್ಡ್ ಔಟ್’ ಕಂಡ ಕೂಡಲೇ ಸರ್ವರ್ ಸತ್ತಿದೆ ಎನ್ನುವುದು ಮಾತ್ರ ತಪ್ಪು. ನೆಟ್‌ವರ್ಕಿನ ಕಾವಲು ಕಾಯುವ ಎಷ್ಟೋ ಫೈರ್‌ವಾಲ್‌ಗಳು ಪಿಂಗನ್ನು ಬೇಕೆಂದೇ ನುಂಗುತ್ತವೆ; ಸೈಟು ಆರಾಮಾಗಿ ನಡೆಯುತ್ತಿರುತ್ತದೆ.

ಲಿನಕ್ಸಿನಲ್ಲಿ ಸಣ್ಣಕ್ಷರದ ‘-ಎ’ ಸೇರಿಸಿ, ಟರ್ಮಿನಲ್ಲಿನ ಬೆಲ್ ಆನ್ ಇದ್ದರೆ ಪ್ರತಿ ಉತ್ತರಕ್ಕೂ ಒಂದು ಬೀಪ್. ಮೇಜಿನಡಿ ಬಗ್ಗಿ ಒಂದೊಂದೇ ಕೇಬಲ್ ಅಲುಗಿಸುತ್ತಾ ಹೋಗಿ: ಯಾವುದನ್ನು ಮುಟ್ಟಿದಾಗ ಸದ್ದು ನಿಂತಿತೋ, ಸಡಿಲವಾಗಿರುವುದು ಅದೇ.