ಗಾಲ್ಫ್ ಆಡುವವರಿಗೆ ಸಂಬಳ ಯಾರು ಕೊಡುತ್ತಾರೆ?

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಒಲಿಂಪಿಕ್ಸ್‌ನಲ್ಲಿ ಅದಿತಿ ಅಶೋಕ್ ಆಡಿದ ವಿಡಿಯೊ ನೋಡಿದ ಮೇಲೆ ತಾನೂ ಗಾಲ್ಫ್ ಆಟಗಾರ್ತಿಯಾಗುತ್ತೇನೆ ಎನ್ನುತ್ತಿದ್ದಾಳೆ. ನಾವು ಭತ್ತ ಬೆಳೆಯುವವರು. ಗಾಲ್ಫ್ ಆಡುವವರಿಗೆ ಸಂಬಳ ಯಾರು ಕೊಡುತ್ತಾರೆ? ನಮ್ಮಂಥವರ ಮಕ್ಕಳಿಗೆ ಇದು ಹೊಟ್ಟೆಪಾಡಿನ ವೃತ್ತಿಯಾಗಬಲ್ಲದೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಸಂಬಳ ಯಾರೂ ಕೊಡುವುದಿಲ್ಲ. ಈ ವೃತ್ತಿಯ ಬಗ್ಗೆ ಮೊದಲು ತಿಳಿಯಬೇಕಾದ ಸಂಗತಿ ಇದೇ. ಬಹಳ ಮಂದಿ ತಂದೆ ತಾಯಂದಿರಿಗೆ ಇದು ತೀರ ತಡವಾಗಿ ಗೊತ್ತಾಗುತ್ತದೆ. ರಣಜಿ ಆಡುವ ಕ್ರಿಕೆಟಿಗನಿಗೆ ಪಂದ್ಯ ಶುಲ್ಕ ಬರುತ್ತದೆ. ಕಬಡ್ಡಿ, ಕುಸ್ತಿಯಲ್ಲಿ ಹೆಸರು ಮಾಡಿದವರಿಗೆ ರೈಲ್ವೆ, ಪೊಲೀಸ್ ಇಲಾಖೆಗಳಲ್ಲಿ ನೌಕರಿಯ ದಾರಿ ಇದೆ. ವೃತ್ತಿಪರ ಗಾಲ್ಫ್ ಆಟಗಾರ ಮಾತ್ರ ತಾನೇ ಪ್ರವೇಶ ಶುಲ್ಕ ಕಟ್ಟಿ, ತಾನೇ ರೈಲು ಅಥವಾ ವಿಮಾನದ ಟಿಕೆಟ್ ತೆಗೆದು, ತಾನೇ ಹೋಟೆಲ್ ಬಾಡಿಗೆ ಕೊಟ್ಟು, ಚೀಲ ಹೊರುವ ಕ್ಯಾಡಿಗೂ ತಾನೇ ಕೂಲಿ ಕೊಟ್ಟು ಮೈದಾನಕ್ಕೆ ಇಳಿಯುತ್ತಾನೆ. ನಿಮಗೆ ಈ ಲೆಕ್ಕ ಹೊಸದಲ್ಲ. ಬೀಜ, ಗೊಬ್ಬರ, ನಾಟಿಯ ಕೂಲಿ ಮೊದಲೇ ಕೈಬಿಟ್ಟು ಹೋಗುತ್ತದೆ, ದರ ಏನೆಂಬುದು ಸುಗ್ಗಿಯಲ್ಲೇ ತಿಳಿಯುತ್ತದೆ.

ವ್ಯತ್ಯಾಸ ಒಂದಿದೆ, ಅದು ದೊಡ್ಡದು. ಗಾಲ್ಫ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಏನೂ ಸಿಗುವುದಿಲ್ಲ.

ಪುರುಷರ ಟೂರ್ನಿ ಸಾಮಾನ್ಯವಾಗಿ ನಾಲ್ಕು ದಿನ ನಡೆಯುತ್ತದೆ. ದಿನಕ್ಕೆ 18 ಹೋಲ್‌ಗಳ, ಅಂದರೆ ಚೆಂಡು ಬೀಳಿಸಬೇಕಾದ 18 ಕುಳಿಗಳ, ಒಂದು ಸುತ್ತು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ಮುಂದೆ. ಎರಡು ಸುತ್ತು ಮುಗಿದ ಸಂಜೆ ‘ಕಟ್’ ಎಂಬ ಗೆರೆ ಎಳೆಯುತ್ತಾರೆ. ಭಾರತದ ವೃತ್ತಿಪರ ಟೂರ್, ಅಂದರೆ ಟೂರ್ನಿಗಳ ಸರಣಿಯಾದ ಪಿಜಿಟಿಐನಲ್ಲಿ ಆಡಲು ಬಂದ ನೂರಕ್ಕೂ ಹೆಚ್ಚು ಆಟಗಾರರ ಪೈಕಿ ಮೊದಲ 50 ಮಂದಿ ಮತ್ತು 50ನೇ ಸ್ಥಾನದಲ್ಲಿ ಸಮ ಅಂಕ ಪಡೆದವರು ಮಾತ್ರ ಮುಂದಿನ ಎರಡು ದಿನ ಆಡುತ್ತಾರೆ. ಬಹುಮಾನದ ಹಣ ಹಂಚಿಕೆಯಾಗುವುದು ಅವರಿಗಷ್ಟೇ. ಉಳಿದವರು ಎರಡನೇ ದಿನ ಸಂಜೆಯೇ ಚೀಲ ಕಟ್ಟಿಕೊಂಡು ಹೊರಡುತ್ತಾರೆ. ಒಂದೇ ಒಂದು ಹೊಡೆತ ಹೆಚ್ಚಾಗಿದ್ದರೂ ಅಷ್ಟೇ.

ಕಟ್ ದಾಟಿದವರಲ್ಲೂ ಹಂಚಿಕೆ ಸಮನಾಗಿ ಇರುವುದಿಲ್ಲ. ಒಟ್ಟು ಬಹುಮಾನ ಒಂದು ಕೋಟಿ ರೂಪಾಯಿ ಇದ್ದರೆ ಗೆದ್ದವರಿಗೆ ಸುಮಾರು 15 ಲಕ್ಷ. ಅಲ್ಲಿಂದ ಮೊತ್ತ ಕಡಿದಾಗಿ ಇಳಿಯುತ್ತ ಕೊನೆಯ ಸ್ಥಾನಗಳಿಗೆ ಶೇಕಡಾ ಒಂದಕ್ಕಿಂತಲೂ ಕಡಿಮೆ ಉಳಿಯುತ್ತದೆ. ಆ ಹಣದಲ್ಲಿ ಆ ವಾರದ ಖರ್ಚು ಹುಟ್ಟಿದರೆ ಸಮಾಧಾನ. ಇಳಿಜಾರು ಎಷ್ಟು ಕಡಿದು ಎಂಬುದಕ್ಕೆ ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ ಅವರ ಉದಾಹರಣೆ ಸಾಕು. 2022ರಲ್ಲಿ ಅಮೆರಿಕದ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಒಂದೇ ಹೊಡೆತದ ಅಂತರದಲ್ಲಿ ಎರಡನೆಯವರಾದರು. ಅವರಿಗೆ ಸಿಕ್ಕಿದ್ದು 21.8 ಲಕ್ಷ ಡಾಲರ್, ಗೆದ್ದ ಕ್ಯಾಮರಾನ್ ಸ್ಮಿತ್ ಅವರಿಗೆ 36 ಲಕ್ಷ ಡಾಲರ್. ನಾಲ್ಕು ದಿನದ ಆಟದಲ್ಲಿ ಒಂದು ಹೊಡೆತದ ಬೆಲೆ 14 ಲಕ್ಷ ಡಾಲರ್‌ಗೂ ಹೆಚ್ಚು! ನಿಮ್ಮ ಮಗಳು ಮೆಚ್ಚಿದ ಅದಿತಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದದ್ದೂ ಒಂದೇ ಹೊಡೆತದಿಂದ. ಆ ಒಂದು ಹೊಡೆತ ಉಳಿದಿದ್ದರೆ ಸಮ ಅಂಕ ಪಡೆದವರ ನಡುವೆ ಪದಕಕ್ಕಾಗಿ ನಡೆದ ಪ್ಲೇ-ಆಫ್‌ನಲ್ಲಿ ಅವರೂ ಇರುತ್ತಿದ್ದರು.

ಇನ್ನು ಮಹಿಳೆಯರ ವಿಷಯಕ್ಕೆ ಬರೋಣ, ನಿಮಗೆ ಬೇಕಾದದ್ದು ಅದೇ. ದೇಶದೊಳಗೆ ಹೆಣ್ಣುಮಕ್ಕಳಿಗೆ ಮಹಿಳಾ ವೃತ್ತಿಪರ ಗಾಲ್ಫ್ ಟೂರ್ ಇದೆ. ಅಲ್ಲಿ ಒಂದು ಟೂರ್ನಿಯ ಒಟ್ಟು ಬಹುಮಾನ ಲಕ್ಷಗಳಲ್ಲಿದೆ, ಕೋಟಿಯಲ್ಲಿಲ್ಲ. ಅದನ್ನೇ ನಂಬಿ ಬದುಕು ಕಟ್ಟುವುದು ಕಷ್ಟ ಎಂದು ನೇರವಾಗಿಯೇ ಹೇಳುತ್ತೇನೆ. ಆಟದಿಂದಲೇ ಮನೆ ನಡೆಯಬೇಕೆಂದರೆ ಯುರೋಪಿನ ಲೇಡೀಸ್ ಯುರೋಪಿಯನ್ ಟೂರ್ ಅಥವಾ ಅಮೆರಿಕದ ಎಲ್‌ಪಿಜಿಎ ತಲುಪಬೇಕು. ಆ ಬಾಗಿಲಿಗೆ ‘ಕ್ವಾಲಿಫೈಯಿಂಗ್ ಸ್ಕೂಲ್’ ಎಂದು ಹೆಸರು. ಶಾಲೆ ಎಂದರೂ ಅಲ್ಲಿ ಪಾಠವಿಲ್ಲ. ಅದೊಂದು ಅರ್ಹತಾ ಟೂರ್ನಿ. ಮೇಲಿನ ಸ್ಥಾನ ಪಡೆದವರಿಗೆ ಮುಂದಿನ ವರ್ಷ ಆಡುವ ಹಕ್ಕು ಸಿಗುತ್ತದೆ. ಆ ಹಕ್ಕಿಗೆ ಆಟಗಾರರು ಕಾರ್ಡ್ ಎನ್ನುತ್ತಾರೆ. ವರ್ಷದ ಕೊನೆಗೆ ಪಟ್ಟಿಯಲ್ಲಿ ಕೆಳಗೆ ಬಿದ್ದರೆ ಕಾರ್ಡ್ ಹೋಗುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಅದಿತಿ 17ರ ವಯಸ್ಸಿನಲ್ಲಿ ಮೊರಾಕ್ಕೊದಲ್ಲಿ ಆ ಅರ್ಹತಾ ಟೂರ್ನಿಯನ್ನೇ ಗೆದ್ದರು. ವೃತ್ತಿಪರರಾದದ್ದು ಅದಾದ ಮೇಲೆ, 2016ರ ಜನವರಿಯಲ್ಲಿ. ಅದೇ ವರ್ಷ ಮಹಿಳೆಯರ ಇಂಡಿಯನ್ ಓಪನ್ ಗೆದ್ದು ಲೇಡೀಸ್ ಯುರೋಪಿಯನ್ ಟೂರ್ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದರು.

ಈ ಕ್ರಮವನ್ನು ದಯವಿಟ್ಟು ಗಮನಿಸಿ: ಮೊದಲು ಅರ್ಹತೆ, ಆಮೇಲೆ ವೃತ್ತಿಪರ ಎಂಬ ಹೆಸರು. ಗಾಲ್ಫ್‌ನಲ್ಲಿ ವೃತ್ತಿಪರರಾಗುವುದು ಎಂದರೆ ಹವ್ಯಾಸಿ ಸ್ಥಾನವನ್ನು ಬಿಟ್ಟುಕೊಡುವುದು. ಬಿಟ್ಟ ಮೇಲೆ ಹವ್ಯಾಸಿಗಳ ರಾಷ್ಟ್ರೀಯ ಟೂರ್ನಿಗಳು ಇಲ್ಲ, ಅಮೆರಿಕದ ಕಾಲೇಜು ತಂಡಗಳೂ ಇಲ್ಲ. ಹಿಂತಿರುಗಲು ಅರ್ಜಿ ಹಾಕಬಹುದು, ಆದರೆ ಕಾಯಬೇಕು. ಹಿಂದೆಲ್ಲ ಹಣದ ಅಡಚಣೆಯಿಂದ ಕೆಲವರು ಅವಸರದಲ್ಲಿ ವೃತ್ತಿಪರರಾಗುತ್ತಿದ್ದರು, ಏಕೆಂದರೆ ಹವ್ಯಾಸಿಗಳು ಪ್ರಾಯೋಜಕರಿಂದ ದುಡ್ಡು ತೆಗೆದುಕೊಳ್ಳುವಂತಿರಲಿಲ್ಲ. 2022ರ ಜನವರಿಯಿಂದ ನಿಯಮ ಸಡಿಲವಾಗಿದೆ. ಹವ್ಯಾಸಿಯಾಗಿದ್ದುಕೊಂಡೇ ಪ್ರಾಯೋಜಕರ ನೆರವು ಪಡೆಯಬಹುದು, ಒಂದು ಟೂರ್ನಿಯಲ್ಲಿ 1,000 ಡಾಲರ್‌ವರೆಗೆ ಬಹುಮಾನವನ್ನೂ ಸ್ವೀಕರಿಸಬಹುದು. ಹಣವಿಲ್ಲದ ಮನೆಯ ಮಕ್ಕಳಿಗೆ ಈ ಬದಲಾವಣೆ ಬಹಳ ದೊಡ್ಡದು. ನಮ್ಮ ಕಡೆ ಇದು ಯಾರಿಗೂ ತಿಳಿಯದೆ ಉಳಿದಿದೆ ಎಂಬ ಬೇಸರ ನನಗಿದೆ.

‘ನಮ್ಮಂಥವರ ಮಕ್ಕಳಿಗೆ’ ಎಂದು ಕೇಳಿದ್ದೀರಿ. ಗಾಲ್ಫ್ ಶ್ರೀಮಂತರ ಆಟ ಎಂಬ ಮಾತಿನಲ್ಲಿ ಸತ್ಯವಿದೆ. ಕ್ಲಬ್ಬಿನ ಸದಸ್ಯತ್ವ, ಲಕ್ಷ ದಾಟುವ, ಚೆಂಡು ಹೊಡೆಯುವ ಕೋಲುಗಳ ಹೊಸ ಸೆಟ್ಟು, ತರಬೇತುದಾರರ ಶುಲ್ಕ ಎಲ್ಲವೂ ಆ ಮಾತಿಗೆ ಸಾಕ್ಷಿ. ಆದರೆ ದೇಶದ ಗಾಲ್ಫ್ ಚರಿತ್ರೆಯನ್ನು ತೆರೆದರೆ ಬೇರೆ ಮುಖಗಳೂ ಕಾಣುತ್ತವೆ. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು. 2009ರಲ್ಲಿ ಅದೇ ಪ್ರಶಸ್ತಿ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಚೀಲ ಹೊತ್ತವರು. ಕೋಲ್ಕತ್ತದ ಎಸ್.ಎಸ್.ಪಿ. ಚೌರಾಸಿಯಾ ಅವರ ತಂದೆ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಮಗ 2016 ಮತ್ತು 2017ರಲ್ಲಿ ಸತತವಾಗಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ಕೂಡ ಕ್ಯಾಡಿಯಾಗಿ ಶುರು ಮಾಡಿ ಪಿಜಿಟಿಐನಲ್ಲಿ ಹಲವು ಪ್ರಶಸ್ತಿ ಗೆದ್ದರು.

ಇವರಾರೂ ಸಿರಿವಂತರ ಮನೆಯಲ್ಲಿ ಹುಟ್ಟಿದವರಲ್ಲ. ಇವರೆಲ್ಲರಿಗೂ ಒಂದು ಅನುಕೂಲವಿತ್ತು. ಮೈದಾನ ದಿನವೂ ಕಾಲಬುಡದಲ್ಲೇ ಇತ್ತು. ಅದಿತಿಯ ಆಟವೂ ಹಾಗೆಯೇ ಮೊದಲಾಯಿತು. ಮನೆಯವರು ಬೆಳಗಿನ ತಿಂಡಿಗೆ ಹೋಗುತ್ತಿದ್ದ ಹೋಟೆಲ್ಲಿನಿಂದ ಗಾಲ್ಫ್ ಮೈದಾನ ಕಾಣುತ್ತಿತ್ತು. ಐದು ವರ್ಷದ ಹುಡುಗಿ ಅತ್ತ ನೋಡಿ ಆಡಬೇಕೆಂದಳು. ಅಪ್ಪ ಅಮ್ಮ ಅದಕ್ಕೂ ಮೊದಲು ಗಾಲ್ಫ್ ಆಡಿದವರಲ್ಲ. ರಿಯೊ ಒಲಿಂಪಿಕ್ಸ್‌ನಲ್ಲಿ ಚೀಲ ಹೊತ್ತದ್ದು ಅದೇ ಅಪ್ಪ, ಟೋಕಿಯೊದಲ್ಲಿ ಅದೇ ಅಮ್ಮ.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಸಿಂಧನೂರಿನ ಹುಡುಗಿಗೆ ಹಣಕ್ಕಿಂತ ಮೊದಲ ತೊಡಕು ದೂರ. ತೋರಣಗಲ್ಲಿನ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗೆ ನಮ್ಮ ಭಾಗದ ಹೆಮ್ಮೆ, ಆದರೆ ಗಾಲ್ಫ್ ಅಲ್ಲಿಲ್ಲ. ಹೆಚ್ಚಿನವರು ತಕ್ಷಣ ಬೆಂಗಳೂರಿನತ್ತ ನೋಡುತ್ತಾರೆ. ರಾಯಚೂರು ಜಿಲ್ಲೆಯವರು ಹೈದರಾಬಾದಿನತ್ತ ನೋಡುವುದು ಲೇಸು. ರಾಯಚೂರಿನಿಂದ ಮಹಬೂಬ್‌ನಗರದ ಮೇಲೆ ಹೋದರೆ ಬೆಂಗಳೂರಿನ ದಾರಿಯ ಅರ್ಧದಷ್ಟೇ ದೂರ. ಅಲ್ಲಿ ಗೋಲ್ಕೊಂಡದ ನಯಾ ಕಿಲಾ ಬಳಿ ಮತ್ತು ಗಚ್ಚಿಬೌಲಿ ಕಡೆ 18 ಹೋಲ್‌ಗಳ ಮೈದಾನಗಳಿವೆ. ಇಂಡಿಯನ್ ಗಾಲ್ಫ್ ಯೂನಿಯನ್ ನಡೆಸುವ ಕಿರಿಯರ ಟೂರ್ನಿಗಳು ದೇಶದ ಬೇರೆ ಬೇರೆ ಊರುಗಳಲ್ಲಿ ನಡೆಯುವುದರಿಂದ ಯಾವ ರಾಜ್ಯದಲ್ಲಿ ಕಲಿತರು ಎಂಬುದು ಅಡ್ಡಿಯಾಗುವುದಿಲ್ಲ.

ನಮ್ಮಲ್ಲೇ ಒಂದು ಗಾಲ್ಫ್ ಮೈದಾನ ಆಗಲಿ ಎಂದು ಕೆಲವರು ಬರೆಯುತ್ತಾರೆ. ನಾನು ಅದನ್ನು ಕೇಳುವುದಿಲ್ಲ. 18 ಹೋಲ್‌ಗಳಿಗೆ ನೂರು ಎಕರೆಗೂ ಮಿಕ್ಕ ಜಾಗ ಬೇಕು, ಬೇಸಿಗೆಯಲ್ಲಿ ಹುಲ್ಲಿಗೆ ನಿತ್ಯ ನೀರು ಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ನೀರಿಗಾಗಿ ಪ್ರತಿ ವರ್ಷ ಕಾಯುವ ನಾಡಿನಲ್ಲಿ ಅದು ನ್ಯಾಯವಲ್ಲ. ಆದರೆ ಡ್ರೈವಿಂಗ್ ರೇಂಜ್ ಕೇಳಬಹುದು, ಕೇಳಲೇಬೇಕು. ಸಾಲಾಗಿ ನಿಂತು ಚೆಂಡು ಹೊಡೆಯುವ ಉದ್ದನೆಯ ಬಯಲು, ಅಕ್ಕಪಕ್ಕ ಬಲೆ, ಒಂದು ಪಟ್ಟಿ ಕೃತಕ ಹುಲ್ಲು ಇದ್ದರೆ ಅದು ನಡೆಯುತ್ತದೆ. ಜಿಲ್ಲಾ ಕ್ರೀಡಾ ಇಲಾಖೆಯ ಮುಂದೆ ಇಡಬಹುದಾದ ಬೇಡಿಕೆ ಇದು.

ಎಲ್ಲರೂ ಟೂರ್ ಮುಟ್ಟುವುದಿಲ್ಲ. ಮುಟ್ಟದವರಿಗೂ ಗಾಲ್ಫ್‌ನಲ್ಲಿ ಕೆಲಸಗಳಿವೆ. ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾ ತರಬೇತುದಾರರಿಗೆ ಪ್ರಮಾಣಪತ್ರ ಕೊಡುತ್ತದೆ. ಕಲಿಸುವವರ ಆದಾಯ ಆಡುವವರ ಆದಾಯಕ್ಕಿಂತ ಎಷ್ಟೋ ಸ್ಥಿರ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಚೆನ್ನಾಗಿ ಆಡುವ ಹವ್ಯಾಸಿ ಹುಡುಗಿಯರಿಗೆ ವಿದ್ಯಾರ್ಥಿವೇತನ ಕೊಡುತ್ತವೆ, ಅದಕ್ಕೆ ಶಾಲೆಯ ಅಂಕಗಳೂ ಬೇಕು. ಆದ್ದರಿಂದ ಓದು ಬಿಡಿಸಬೇಡಿ. 12ನೇ ವಯಸ್ಸಿನಲ್ಲಿ ಓದು ಬಿಡಿಸಿ ಆಡಿಸಿರಿ ಎನ್ನುವ ತರಬೇತುದಾರರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಈಗ ಮಾಡಬೇಕಾದದ್ದು ಇಷ್ಟು. ರಜೆಯಲ್ಲಿ ಮಗಳನ್ನು ಒಮ್ಮೆ ಹೈದರಾಬಾದಿನ ರೇಂಜ್ ಒಂದಕ್ಕೆ ಕರೆದೊಯ್ಯಿರಿ. ಸೆಟ್ಟು ಕೊಳ್ಳಬೇಡಿ. ದೊಡ್ಡವರ ಕ್ಲಬ್ (ಚೆಂಡು ಹೊಡೆಯುವ ಕೋಲು) ಕತ್ತರಿಸಿ ಕೊಡುವುದೂ ಬೇಡ, ಅದರ ಭಾರಕ್ಕೆ ಮಕ್ಕಳ ಹೊಡೆತದ ರೀತಿ ಕೆಡುತ್ತದೆ. ಬಾಡಿಗೆಗೆ ಸಿಗುವ ಮಕ್ಕಳ ಕ್ಲಬ್ ಸಾಕು. ವಾರದ ಶಿಬಿರವಿದ್ದರೆ ಸೇರಿಸಿ. ಮನೆಗೆ ಬಂದ ಮೇಲೆ ಗಟ್ಟಿ ನೆಲದ ಮೇಲೆ ಪಟ್ಟಿಂಗ್, ಅಂದರೆ ಚೆಂಡನ್ನು ಉರುಳಿಸಿ ಕುಳಿಗೆ ಬೀಳಿಸುವ ಅಭ್ಯಾಸ ಮಾಡಬಹುದು, ಶಾಲಾ ಮೈದಾನದಲ್ಲಿ ತೂತುಗಳಿರುವ ಹಗುರ ಪ್ಲಾಸ್ಟಿಕ್ ಚೆಂಡು ಹೊಡೆಯಬಹುದು. ನಿಜವಾದ ಗಾಲ್ಫ್ ಚೆಂಡನ್ನು ಜನರಿರುವ ಬಯಲಿನಲ್ಲಿ ಹೊಡೆಯಲು ಖಂಡಿತ ಬಿಡಬೇಡಿ, ತಗುಲಿದರೆ ಪ್ರಾಣಕ್ಕೇ ಅಪಾಯ. ನಮ್ಮ ಬಿಸಿಲಿಗೆ ಬೆಳಗಿನ ಎಂಟರೊಳಗೆ ಅಭ್ಯಾಸ ಮುಗಿಯಬೇಕು. ಆರು ತಿಂಗಳಾದ ಮೇಲೂ ಅವಳೇ ಮುಂಜಾನೆ ಎದ್ದು ನಿಮ್ಮನ್ನು ಎಬ್ಬಿಸುತ್ತಿದ್ದರೆ ತರಬೇತುದಾರರ ಬಳಿ ಹ್ಯಾಂಡಿಕ್ಯಾಪ್ (ಆಟದ ಮಟ್ಟ ಅಳೆಯುವ ಅಂಕಿ) ಬಗ್ಗೆ ಮಾತನಾಡಿ, ಕಿರಿಯರ ಟೂರ್ನಿಗೆ ಹೆಸರು ಕೊಡಿ. ವೃತ್ತಿಪರಳಾಗಬೇಕೇ ಬೇಡವೇ ಎಂಬ ಮಾತಿಗೆ ಇನ್ನೂ ಐದಾರು ವರ್ಷ ಸಮಯವಿದೆ.