ಒಂದೇ ಕಾಲುವೆ, ಹಲವು ಆಡಳಿತಗಳು: ನಿರ್ವಹಣೆ ಯಾರ ಹೊಣೆ?

ಪ್ರಶ್ನೆ: ದೋಣಿ ಸಂಚಾರದ ಕಾಲುವೆಯೊಂದು ಹಲವು ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಹಾದುಹೋಗುವಾಗ, ಆಯಾ ಸಂಸ್ಥೆ ತನ್ನ ಪಾಲಿನ ಉದ್ದವನ್ನು ನೋಡಿಕೊಂಡರೆ ಸಾಲದೇ?

ಉತ್ತರ: ಸಾಲದು. ಕಾಲುವೆಯಲ್ಲಿ ಎಲ್ಲಿಯವರೆಗೆ ಹೋಗಬಹುದೆಂಬುದನ್ನು ನಿರ್ಧರಿಸುವುದು ಅದರ ಅತಿ ಆಳವಿಲ್ಲದ ಜಾಗ. ಒಂದು ಸಂಸ್ಥೆ ಹೂಳೆತ್ತದೆ ಬಿಟ್ಟರೆ, ಉಳಿದವರೆಲ್ಲ ಎಷ್ಟೇ ಖರ್ಚು ಮಾಡಿದ್ದರೂ ದೋಣಿ ಅಲ್ಲಿಯೇ ತಳ ಹಿಡಿಯುತ್ತದೆ.

ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಏರಿಸಿ ಇಳಿಸುವ ಲಾಕ್ ಅನ್ನು ಹತ್ತಿರದಿಂದ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅದರ ಎರಡು ಕದಗಳು ಮೇಲ್ಮಟ್ಟದ ನೀರಿನ ಕಡೆಗೆ ಮೊನೆ ಮಾಡಿ ಕೂಡಿಕೊಳ್ಳುತ್ತವೆ. ನೀರಿನ ಒತ್ತಡವೇ ಅವುಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಹೊಸಿಲಿನಲ್ಲಿ ಮರದ ತುಂಡೊಂದು ಸಿಕ್ಕಿಕೊಂಡರೂ ಕದ ಪೂರ್ತಿ ಕೂಡದೆ, ರಾತ್ರಿಯಿಡೀ ನೀರು ಸೋರಿ, ಬೆಳಗಾಗುವಷ್ಟರಲ್ಲಿ ಮೇಲ್ಭಾಗದ ದೋಣಿಗಳು ಕೆಸರಿನಲ್ಲಿ ಕುಳಿತಿರಬಹುದು. ಕದ ಒಬ್ಬರದು, ಬರಿದಾಗುವ ನೀರು ಇನ್ನೊಬ್ಬರದು.

ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಕಾಲುವೆ ಇದಕ್ಕೆ ಒಳ್ಳೆಯ ಉದಾಹರಣೆ. 1794ರಲ್ಲಿ ಪೂರ್ಣಗೊಂಡು, ಮುಂದೆ ಪಾಳುಬಿದ್ದ ಈ ಕಾಲುವೆಯನ್ನು ಹ್ಯಾಂಪ್‌ಶೈರ್ ಮತ್ತು ಸರ್ರೆ ಕೌಂಟಿಗಳ ಆಡಳಿತಗಳು 1970ರ ದಶಕದಲ್ಲಿ ತಮ್ಮ ತಮ್ಮ ಭಾಗವನ್ನು ವಶಕ್ಕೆ ಪಡೆದು, ಸ್ವಯಂಸೇವಕರ ದುಡಿಮೆಯ ನೆರವಿನಿಂದ ದುರಸ್ತಿ ಮಾಡಿಸಿದವು; 1991ರಲ್ಲಿ ಸುಮಾರು 51 ಕಿಲೋಮೀಟರ್ ಉದ್ದ ಮತ್ತೆ ಸಂಚಾರಕ್ಕೆ ತೆರೆಯಿತು. ಅದರ 29 ಲಾಕ್‌ಗಳಲ್ಲಿ 28 ಸರ್ರೆಯಲ್ಲಿವೆ, ಹ್ಯಾಂಪ್‌ಶೈರ್‌ನಲ್ಲಿರುವುದು ಒಂದೇ ಒಂದು. ಆದರೆ ಆ ಲಾಕ್‌ಗಳನ್ನು ತುಂಬಿಸುವ ನೀರಿಗೆ ಮುಖ್ಯ ಆಸರೆ ಹ್ಯಾಂಪ್‌ಶೈರ್‌ನ ಗ್ರೇವೆಲ್ ಕಡೆಯ ಒರತೆಗಳು. ನೀರು ಒಂದು ಕೌಂಟಿಯಲ್ಲಿ, ಅದನ್ನು ಬಳಸುವ ಲಾಕ್‌ಗಳು ಇನ್ನೊಂದರಲ್ಲಿ ಇರುವಾಗ ಯಾರೊಬ್ಬರೂ ಒಂಟಿಯಾಗಿ ಕಾಲುವೆ ನಡೆಸಲಾರರು. ಆದ್ದರಿಂದ ಒಡೆತನ ಬೇರೆ ಬೇರೆಯಾಗಿದ್ದರೂ ದಿನನಿತ್ಯದ ಕೆಲಸವನ್ನು ಎರಡೂ ಕಡೆಗೆ ಒಂದೇ ಪ್ರಾಧಿಕಾರಕ್ಕೆ ವಹಿಸಿ, ದಂಡೆಯ ಜಿಲ್ಲಾ ಆಡಳಿತಗಳನ್ನೂ ಜಂಟಿ ಸಮಿತಿಗೆ ಸೇರಿಸಿಕೊಳ್ಳಲಾಯಿತು.

ಇನ್ನು ಖರ್ಚಿನ ಮಾತು. ಕಿಲೋಮೀಟರ್ ಲೆಕ್ಕದಲ್ಲಿ ಹಂಚುವುದು ಸುಲಭ, ಆದರೆ ನನ್ನ ದೃಷ್ಟಿಯಲ್ಲಿ ನ್ಯಾಯವಲ್ಲ. ಲಾಕ್‌ಗಳು ಹೆಚ್ಚಿರುವ ಕಡೆ ವೆಚ್ಚ ಹೆಚ್ಚು, ದೋಣಿಗಳು ತಂಗುವ ಊರುಗಳಲ್ಲಿ ಲಾಭ ಹೆಚ್ಚು. ಈ ಎರಡನ್ನೂ ತೂಗಿ ಪಾಲು ನಿಗದಿಯಾಗಬೇಕು. ಪುನರುಜ್ಜೀವನಕ್ಕೆ ಒಮ್ಮೆ ಹಣ ಕೊಡುವವರು ಸಿಗುತ್ತಾರೆ, ಕಳೆ ಕೀಳಲು, ಏರಿಯ ಬಿರುಕು ಮುಚ್ಚಲು ಪ್ರತಿವರ್ಷ ಕೊಡುವವರು ಸಿಗುವುದು ಕಷ್ಟ. ಹಾಗಾಗಿ ವಾರ್ಷಿಕ ವಂತಿಗೆಯನ್ನೂ, ಹಿಂದೆ ಸರಿಯಲು ನೀಡಬೇಕಾದ ಮುಂಗಡ ಸೂಚನೆಯ ಅವಧಿಯನ್ನೂ ದುರಸ್ತಿ ಶುರುವಾಗುವ ಮೊದಲೇ ಒಪ್ಪಂದದಲ್ಲಿ ಬರೆದುಕೊಳ್ಳಬೇಕು.